ಮುರಿಯದ ಕೈಗೆ ಪ್ಲಾಸ್ಟರ್

ನಮ್ಮ ಹೆಡ್‌ಮಾಸ್ತರರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ಬನಹಟ್ಟಿಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಸಲ ಕೂತು ನಪಾಸಾಗಿದ್ದೆ. ಪಾಠ ಒಮ್ಮೆ ಕೇಳಿದರೆ ಸಾಕು, ಮರೆಯುತ್ತಿರಲಿಲ್ಲ. ಓದಲು ಕೂತರೆ ಮಾತ್ರ ಒಂದಕ್ಷರದ ಜಾಗಕ್ಕೆ ಇನ್ನೊಂದು ಬಂದು ಕೂಡುತ್ತಿತ್ತು. ಬರೆದದ್ದು ನನಗೇ ತಿಳಿಯುತ್ತಿರಲಿಲ್ಲ. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂದು ಗೊತ್ತಾಗುವಷ್ಟರಲ್ಲಿ ನನ್ನ ತಲೆ ನರೆತಿತ್ತು. ಆಗ ಹೆಡ್‌ಮಾಸ್ತರರು ಇಟ್ಟಿದ್ದ ಹೆಸರು ದಡ್ಡಿ. ನನ್ನ ಉತ್ತರ ಪತ್ರಿಕೆಯನ್ನು ಇದ್ದ ಹಾಗೆಯೇ, ತಪ್ಪುತಪ್ಪಾಗಿ ಓದಿ ಇಡೀ ತರಗತಿಯನ್ನು ನಗಿಸುತ್ತಿದ್ದರು.

ಈ ಸಲವೂ ನಪಾಸಾದರೆ ಓದು ಬಿಡಿಸಿ ಮಗ್ಗದ ಮನೆಯಲ್ಲಿ ನೂಲು ಸುತ್ತಲು ಕೂಡಿಸುತ್ತೇನೆ ಎಂದು ಅಪ್ಪ ಹೇಳಿದ್ದ. ನಾಚಿಕೆ ಬಿಟ್ಟು ಹೆಡ್‌ಮಾಸ್ತರರ ಮುಂದೆ ನಿಂತೆ.

“ಸರ, ಉತ್ರ ಬಾಯಿಲೆ ಹೇಳತೇನ್ರಿ. ಬರಿಯಾಕ ಯಾರನ್ನರ ಕೊಡ್ರಿ.”

“ಕೈ ಮುರಕೊಂಡವ್ರಿಗೆ ಕೊಡತಾರ. ನಿನ್ನ ಕೈ ನೆಟ್ಟಗ ಐತಲ್ಲ? ನೂಲ ಸುತ್ತ ಹೋಗ.”

ಆದರೆ ದಾರಿ ತೋರಿಸಿದವರೂ ಅವರೇ.

ಜಮಖಂಡಿಯ ದವಾಖಾನೆಯೊಂದರಲ್ಲಿ ನನ್ನ ಸೋದರಮಾವ ಕಂಪೌಂಡರ್ ಆಗಿದ್ದ. ಪರೀಕ್ಷೆಗೆ ವಾರವಿರುವಾಗ ನನ್ನ ಗಟ್ಟಿಮುಟ್ಟಾದ ಬಲಗೈಗೆ ಪ್ಲಾಸ್ಟರ್ ಹಾಕಿದ. ಡಾಕ್ಟರ ಸರ್ಟಿಫಿಕೇಟು ಹೇಗೆ ಬಂತೆಂದು ಕೇಳಬೇಡಿ. ಹೆಡ್‌ಮಾಸ್ತರರು ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿ, ಅರ್ಜಿಗೆ ಸಹಿ ಮಾಡಿ, ನನ್ನ ಪರವಾಗಿ ಬರೆಯಲು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದರು. ಅವಳು ಪ್ರಶ್ನೆ ಓದಿದಳು, ನಾನು ಹೇಳಿದೆ, ಅವಳು ಬರೆದಳು. ಒಳಗೆ ಕೈ ತುರಿಸಿ ಜೀವ ಹೋಗುತ್ತಿತ್ತು. ಎಲ್ಲ ಪೇಪರೂ ಹಾಗೆಯೇ ಮುಗಿಸಿದೆ.

ಫಸ್ಟ್ ಕ್ಲಾಸ್ ಬಂತು.

ಅಂಕಪಟ್ಟಿ ತರಲು ಹೋದಾಗ, ಮಾವ ಕತ್ತರಿಸಿ ತೆಗೆದಿದ್ದ ಪ್ಲಾಸ್ಟರಿನ ಎರಡು ಹೋಳುಗಳನ್ನು ಚೀಲದಲ್ಲಿ ಒಯ್ದಿದ್ದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

“ಕೈ ಮುರದಿದ್ದು ಛಲೋನ ಆತ ನೋಡವಾ,” ಎಂದು ಹೆಡ್‌ಮಾಸ್ತರರು ನಕ್ಕರು.

ಹೋಳುಗಳನ್ನು ಅವರ ಟೇಬಲ್ಲಿನ ಮೇಲಿಟ್ಟೆ. “ಮುರದಿರಲಿಲ್ರಿ ಸರ. ಆಗೂ ನೆಟ್ಟಗ ಇತ್ತು, ಈಗೂ ನೆಟ್ಟಗ ಐತಿ.”

ಅರ್ಜಿಯ ಮೇಲಿದ್ದದ್ದು ಅವರದೇ ಸಹಿ. ಅವರು ಬಾಯಿ ಬಿಟ್ಟರೆ ಮೊದಲು ಹೋಗುವುದು ಅವರದೇ ನೌಕರಿ. ಅದು ಅವರಿಗೆ ಹೊಳೆಯುವವರೆಗೂ ನಾನು ಆ ಮುಖವನ್ನೇ ನೋಡುತ್ತ ನಿಂತೆ. ಎಂಥ ಸುಖ ಅದು!

“ಯಾರ ಹಾಕಿದ್ರ ಇದನ್ನ?” ಎದ್ದು ಬಾಗಿಲು ಮುಚ್ಚಿ ಬಂದು ಕೇಳಿದರು.

“ಎಲ್ಲಾ ಹೇಳತೇನ್ರಿ ಸರ,” ಎಂದೆ. “ಪೆನ್ನ ತಗೋರಿ. ನಾ ಬಾಯಿಲೆ ಹೇಳತೇನಿ, ನೀವು ಬರಕೋರಿ.”

ಅವರು ಪೆನ್ನು ಮುಟ್ಟಲಿಲ್ಲ.