ಗಿರಣಿ ಕಾಕುವಿನ ಕುರ್ಚಿ

ಭೋಸರಿಯ ನಮ್ಮ ಹಳೆಯ ಥೇಟರನ್ನು ಕೆಡವಿ ಅಲ್ಲೊಂದು ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ಬಳೆ ಅಂಗಡಿ ಇದ್ದಲ್ಲಿ ಮೊಬೈಲು, ಹಿಟ್ಟಿನ ಗಿರಣಿ ಇದ್ದಲ್ಲಿಯೂ ಮೊಬೈಲು. ಇಷ್ಟೊಂದು ಮೊಬೈಲು ಕೊಂಡು ಜನ ಯಾರ ಜೊತೆ ಏನು ಮಾತಾಡುತ್ತಾರೋ ದೇವರೇ ಬಲ್ಲ. ಆ ರಸ್ತೆಯಲ್ಲಿ ಹೋದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಚಿಕ್ಕವಳಿದ್ದಾಗ ಆ ಥೇಟರಿನಲ್ಲಿ ಕೆಲವು ಭಾನುವಾರ ಬೆಳಗಿನ ಆಟಕ್ಕೆ ಕನ್ನಡ ಸಿನಿಮಾ ಹಾಕುತ್ತಿದ್ದರು. ಅಪ್ಪನಂತೆ ಕಾರ್ಖಾನೆ ಕೆಲಸಕ್ಕೆ ಈ ಮರಾಠಿ ಸೀಮೆಗೆ ಬಂದ ವಿಜಯಪುರ, ಕಲಬುರಗಿ ಕಡೆಯ ಮಂದಿಯೆಲ್ಲ ಅಲ್ಲಿ ಸೇರುತ್ತಿದ್ದರು. ಅವ್ವನಿಗೆ ಮರಾಠಿ ಬಾರದು. ವಾರವಿಡೀ ಅಂಗಡಿಗಳಲ್ಲಿ ಬೆರಳು ತೋರಿಸಿಯೇ ಸಾಮಾನು ತರುತ್ತಿದ್ದಳು. ಬಾಯಿ ತುಂಬ ಮಾತಾಡಲು ಆಕೆಗಿದ್ದದ್ದು ಒಬ್ಬಳೇ ಗೆಳತಿ, ನಮ್ಮ ಕಡೆಯವಳೇ ಆದ ಗಿರಣಿಯವನ ಹೆಂಡತಿ. ಮರಾಠಿ ಮಕ್ಕಳು ಚಿಕ್ಕಮ್ಮನನ್ನು ಕರೆಯುವಂತೆ ನಾನು ಆಕೆಯನ್ನು ಗಿರಣಿ ಕಾಕು ಎನ್ನುತ್ತಿದ್ದೆ.

ಥೇಟರಿಗೆ ಹೋಗುವಾಗ ಜೋಳದ ಡಬ್ಬಿಯನ್ನು ಗಿರಣಿಯಲ್ಲಿಟ್ಟು ಹೋಗುತ್ತಿದ್ದೆವು. "ನೀವು ನಡೀರಿ, ಇದೊಂದು ಡಬ್ಬಿ ಬೀಸಿಟ್ಟು ಬಂದೇಬಿಟ್ಟೆ," ಎನ್ನುತ್ತಿದ್ದಳು ಕಾಕು. ಬರುವುದು ಮಾತ್ರ ಸಿನಿಮಾ ಶುರುವಾದ ಮೇಲೆ. ಕೆಳಗಿನ ಕ್ಲಾಸಿನಲ್ಲಿ ಕುರ್ಚಿಗೆ ನಂಬರಿಲ್ಲ, ಮೊದಲು ಕೂತವರದೇ ಜಾಗ. ಅವ್ವ ತನ್ನ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಕಾಯುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ, "ಇಥೆ ಮಾಣುಸ್ ಆಹೆ!" ಇಲ್ಲಿ ಜನ ಇದ್ದಾರೆ ಎಂಬ ಆ ಒಂದು ಮಾತನ್ನಷ್ಟೇ ಅವ್ವ ಹೆದರದೆ ಮರಾಠಿಯಲ್ಲಿ ಆಡುತ್ತಿದ್ದಳು. ಕನ್ನಡ ಸಿನಿಮಾಕ್ಕೆ ಬಂದ ಕನ್ನಡದವರನ್ನೇ ಮರಾಠಿಯಲ್ಲಿ ಗದರಿಸುವುದು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ಕಡೆಗೆ ಕಾಕು ಹುಬ್ಬಿನ ಮೇಲೆಲ್ಲ ಹಿಟ್ಟು ಹೊತ್ತು, ಕತ್ತಲಲ್ಲಿ ತಡವರಿಸಿಕೊಂಡು ಬರುತ್ತಿದ್ದಳು. ಅಲ್ಲಿಯವರೆಗೆ ನಡೆದ ಕತೆಯನ್ನು ಅವ್ವ ಆಕೆಗೆ ಹೇಳಲು ಹತ್ತಿದರೆ ಹಿಂದಿನ ಸಾಲಿನವರು ಬೈಯುತ್ತಿದ್ದರು.

ಕನ್ನಡ ಆಟ ನಿಂತಿತು, ಥೇಟರು ಮುಚ್ಚಿತು, ಗಿರಣಿಯೂ ಹೋಯಿತು. ಆದರೂ ಇಬ್ಬರೂ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡಳು. ಅವ್ವ ಅಳಲಿಲ್ಲ, ಮಾತನ್ನೇ ಬಿಟ್ಟಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಹೀಗೇ ಪೂರ್ತಿ ಮೂಕಿಯಾಗಿಬಿಡುತ್ತಾಳೆಂದು ನನಗೆ ಭಯ ಹತ್ತಿತು.

ಹೋದ ಭಾನುವಾರ ಮಾಲಿನಲ್ಲಿ ಕನ್ನಡ ಸಿನಿಮಾ ಹಾಕಿದ್ದಾರೆಂದು ತಿಳಿದು ಆಕೆಯನ್ನು ಎಳೆದುಕೊಂಡೇ ಹೋದೆ. ಅರ್ಧಕ್ಕರ್ಧ ಕುರ್ಚಿ ಖಾಲಿ. ಉಳಿದವರೆಲ್ಲ ಬೆಂಗಳೂರು ಕಡೆಯ ಐಟಿ ಹುಡುಗರು. ಅವ್ವ ಕೂತವಳೇ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ಟಿಕೆಟು ನೋಡಿಕೊಳ್ಳುತ್ತ ಬಂದ ಹುಡುಗನೊಬ್ಬ, "ಆಂಟಿ, ಇದು ನನ್ನ ಸೀಟು ಅನ್ಸುತ್ತೆ," ಎಂದ.

"ಇಥೆ ಮಾಣುಸ್ ಆಹೆ," ಎಂದಳು ಅವ್ವ.

ಹುಡುಗ ನನ್ನ ಮುಖ ನೋಡಿದ. "ಪರವಾಗಿಲ್ಲ ಬಿಡಿ," ಎಂದು ಹಿಂದಿನ ಸಾಲಿಗೆ ಹೋಗಿ ಕೂತ. ನಾನು ಅವ್ವನ ಕಿವಿಯಲ್ಲಿ, "ಕಾಕು ಇನ್ನೆಲ್ಲಿ ಬರ್ತಾಳವ್ವಾ?" ಎಂದೆ.

"ನನಗ ಗೊತ್ತಿಲ್ಲೇನ? ಪಿಚ್ಚರ್ ಶುರುವಾಗಲಿ, ತಗೀತೀನಿ."

ಸಿನಿಮಾ ಶುರುವಾಯಿತು. ಬಾಗಿಲು ತೆರೆದು ಬೆಳಕು ಬಿದ್ದಾಗಲೆಲ್ಲ ಅವ್ವ ಹಿಂತಿರುಗಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಆ ಖಾಲಿ ಕುರ್ಚಿಯ ಕಡೆ ಬಾಗಿ, ಅಲ್ಲಿಯವರೆಗೆ ನಡೆದ ಕತೆಯನ್ನು ಮೆಲ್ಲಗೆ ಹೇಳತೊಡಗಿದಳು. ಹಿಂದಿನ ಸಾಲಿನಿಂದ ಯಾರೂ ಬೈಯಲಿಲ್ಲ.