ಸೂಜಿ ಮುಟ್ಟದ ಕೌದಿ

ಫ್ಲಾನೆಲ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಗೋಡೆಗೆ ನಿಲ್ಲಿಸಿ, ಅದರ ಮೇಲೆ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಇಟ್ಟು ಅಂಗೈಯಿಂದ ಒಮ್ಮೆ ಸವರಿದರೆ ಸಾಕು. ಗುಂಡುಸೂಜಿಯಿಲ್ಲದೆ, ಅಂಟಿಲ್ಲದೆ ಅದು ಅಲ್ಲಿಯೇ ನಿಲ್ಲುತ್ತದೆ. ಬೇಡವೆನಿಸಿದಾಗ ತುದಿ ಹಿಡಿದು ಎಳೆದರೆ ಸದ್ದಿಲ್ಲದೆ ಕೈಗೆ ಬರುತ್ತದೆ. ಇದ್ದ ಗುರುತೂ ಉಳಿಯುವುದಿಲ್ಲ. ನಾಶಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ರಿವೆಟ್ಟಿಲ್ಲದೆ ಯಾವುದೂ ಯಾವುದಕ್ಕೂ ಅಂಟಿ ನಿಲ್ಲದು ಎಂಬ ಶ್ರದ್ಧೆಯಲ್ಲಿ ತಲೆ ಬೆಳ್ಳಗಾಗಿಸಿಕೊಂಡ ನನಗೆ, ನಿವೃತ್ತಿಯ ನಂತರ ಕಂಡ ಈ ಸಂಗತಿ ಸ್ವಲ್ಪ ಅವಮಾನವನ್ನೂ ಬಹಳ ಸಂತೋಷವನ್ನೂ ಕೊಟ್ಟಿತು. ಆ ಸಂತೋಷದ ಕಥೆಯನ್ನೇ ಹೇಳಲು ಕುಳಿತಿದ್ದೇನೆ. ಅದು ಸಂತೋಷವಾಗಿ ಉಳಿಯದಿದ್ದರೆ ಓದುಗರು ಕ್ಷಮಿಸಬೇಕು.

ಈ ಗೋಡೆಯ ಅಗತ್ಯ ಬಿದ್ದದ್ದು ನನ್ನ ಹೆಂಡತಿ ಶಕುಂತಲೆಯ ಮೊಣಕಾಲುಗಳಿಂದ. ಬೈಲಹೊಂಗಲದ ಕಡೆಯ ಅವಳು ನಾಶಿಕಕ್ಕೆ ತಂದ ವಿದ್ಯೆಗಳಲ್ಲಿ ಕೌದಿ ಹೊಲಿಯುವುದೂ ಒಂದು. ಹಳೆಯ ಸೀರೆ, ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಅದರ ಮೇಲೆಯೇ ಕುಳಿತು, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ಚಪಾತಿಯ ಒಂದು ಚೂರನ್ನು ಇಟ್ಟು ಹೊಲಿಗೆ ಮುಚ್ಚುತ್ತಾಳೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸಬಾರದಂತೆ. ಪಕ್ಕದ ಮನೆಯ ಮರಾಠಿ ಹೆಂಗಸರೂ ತಮ್ಮ ಗೋಧಡಿಗೆ ಹೀಗೆಯೇ ಮಾಡುವುದನ್ನು ಕಂಡು, ಭಾಷೆ ಬರುವ ಮುಂಚೆಯೇ ಅವಳಿಗೆ ಸ್ನೇಹ ಬಂದಿತ್ತು. ಈಗ ಡಾಕ್ಟರು ನೆಲಕ್ಕೆ ಕೂರಬಾರದೆಂದು ಹೇಳಿದ್ದರು. ಕೂತು ನೋಡಲಾಗದ್ದನ್ನು ನಿಂತು ನೋಡುವಂತೆ ಮಾಡಿದರಾಯಿತು, ಜೋಡಣೆ ಗೋಡೆಯ ಮೇಲೆ ಆಗಲಿ, ಹೊಲಿಗೆ ಮೇಜಿನ ಮೇಲೆ ಆಗಲಿ ಎಂದು ನಮ್ಮ ಮಗಳು ಅಶ್ವಿನಿ ಸಂಭಾಜಿನಗರದ ಗಂಡನ ಮನೆಯಿಂದ ಒಂದು ವಿಡಿಯೋ ಕಳಿಸಿದಳು. ಯಾವುದೋ ದೇಶದ ಹೆಂಗಸು ಗೋಡೆಯ ಮೇಲೆ ಬಟ್ಟೆಯ ತುಂಡುಗಳನ್ನು ಇಸ್ಪೀಟಿನ ಎಲೆಗಳಂತೆ ಜರುಗಿಸುತ್ತಿದ್ದಳು.

ಕೆಲಸವಿಲ್ಲದ ತಪಾಸಣೆಯವನಿಗೆ ಇದಕ್ಕಿಂತ ದೊಡ್ಡ ವರ ಬೇಡ. ಸಿನ್ನರಿನ ಕಾರ್ಖಾನೆಯೊಂದರಲ್ಲಿರುವ ಗೆಳೆಯ ಪ್ಯಾಕಿಂಗಿನ ದಪ್ಪ ಥರ್ಮಾಕೋಲ್ ಹಲಗೆಗಳನ್ನು ಕೊಟ್ಟ. ಮರದ ಪಟ್ಟಿಗಳಿಂದ ಚೌಕಟ್ಟು ಕಟ್ಟಿದೆ. ಫ್ಲಾನೆಲ್ ಕೊಳ್ಳಲು ನಾಶಿಕದ ಪೇಟೆಗೆ ಹೋದಾಗ, ಜೇಬಿನಲ್ಲಿ ಒಯ್ದಿದ್ದ ಸೀರೆಯ ತುಂಡನ್ನು ಪ್ರತಿಯೊಂದು ಥಾನಿಗೂ ಅಂಟಿಸಿ, ಫ್ಯಾನು ಜೋರಾಗಿ ಹಾಕಲು ಹೇಳಿ, ಬೀಳುವುದೋ ಇಲ್ಲವೋ ಎಂದು ಕೈಕಟ್ಟಿ ನಿಂತೆ. ಅಂಗಡಿಯವನು ಮೊದಲು ನಕ್ಕ, ಆಮೇಲೆ ಸುಸ್ತಾದ.

"ಕಾಕಾ, ಕಾಪಡ್ ಘ್ಯಾಯಚಂ ಆಹೇ ಕೀ ಪರೀಕ್ಷಾ ಘ್ಯಾಯಚೀ ಆಹೇ?"

ಬಟ್ಟೆ ತಗೊಳ್ಳುವುದಿದೆಯೋ ಪರೀಕ್ಷೆ ತಗೊಳ್ಳುವುದಿದೆಯೋ ಎಂಬ ಅವನ ಪ್ರಶ್ನೆಗೆ ಎರಡೂ ಎಂದು ಉತ್ತರಿಸಿ, ಗಾಳಿಗೆ ಜಗ್ಗದ ಅತ್ಯಂತ ಒರಟು ಬಿಳಿ ಫ್ಲಾನೆಲನ್ನು ಆರಿಸಿಕೊಂಡು ಬಂದೆ.

ಗೋಡೆ ಸಿದ್ಧವಾಗುವ ಹೊತ್ತಿಗೆ ಅಶ್ವಿನಿಗೆ ಐದು ತಿಂಗಳು ತುಂಬಿತ್ತು. ಮೊದಲ ಕೌದಿ ಯಾರದೆಂದು ಕೇಳಬೇಕಾಗಿರಲಿಲ್ಲ. ಆದರೆ ಶಕುಂತಲೆ ತಲೆಯಾಡಿಸಿದಳು.

"ಹುಟ್ಟೂಕಿಂತ ಮೊದಲ ಕೂಸಿಗೆ ಏನೂ ಹೊಲೀಬಾರದರೀ. ನಮ್ಮಲ್ಲೂ ಇಲ್ಲ, ಬೀಗರಲ್ಲೂ ಇಲ್ಲ."

"ಹೊಲಿಯೂದು ಯಾರು ಅಂದ್ರು? ಬರೇ ಹಚ್ಚಿ ನೋಡೂದು. ಸೂಜಿ ಮುಟ್ಟೂದಿಲ್ಲ."

"ವಕೀಲ ಆಗಬೇಕಿತ್ತು ನೀವು. ತಪ್ಪಿ ಫ್ಯಾಕ್ಟರಿಗೆ ಹೋದ್ರಿ."

ಹಾಗೆನ್ನುತ್ತಲೇ ಅವಳು ಟ್ರಂಕಿನ ಬೀಗ ತೆಗೆದಳು. ನನ್ನ ಅವ್ವನ ಇಳಕಲ್ ಸೀರೆ, ಅಶ್ವಿನಿಯ ಶಾಲೆಯ ಫ್ರಾಕು, ಶಕುಂತಲೆಯ ಹಳದಿ ವಾಯಿಲ್, ಅಳಿಯನಿಂದ ಬೇಡಿ ತರಿಸಿದ ನೀಲಿ ಗೆರೆಯ ಅಂಗಿ, ಎಲ್ಲವೂ ಚೌಕ ಚೌಕವಾಗಿ ಗೋಡೆ ಹತ್ತಿದವು. ಬೇಸಿಗೆ ಬಂದಿತ್ತು. ತುಂಡುಗಳು ಹಾರಬಾರದೆಂದು ಗೋಡೆಯಿದ್ದ ಕೋಣೆಯ ಫ್ಯಾನಿನ ಸ್ವಿಚ್ಚಿನ ಮೇಲೆ ಕೆಂಪು ಟೇಪು ಹಚ್ಚಿದೆ. ನಮ್ಮ ವಿಭಾಗದಲ್ಲಿ ಕೆಂಪು ಎಂದರೆ ಮುಟ್ಟಬೇಡಿ ಎಂದು ಅರ್ಥ. ಸಂಜೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಗೋಡೆಯತ್ತ ತಿರುಗಿಸಿದರೆ, ಕನ್ನಡ ಪೂರ್ತಿ ಅರ್ಥವಾಗಿಯೂ ಮರಾಠಿಯಲ್ಲೇ ಉತ್ತರಿಸುವ ನಮ್ಮ ಮಗಳು ಅಲ್ಲಿಂದಲೇ ಆಜ್ಞೆ ಮಾಡುವಳು: "ಅಪ್ಪಾ, ತೋ ಪಿವಳಾ ಖಾಲೀ ಘೇ ನಾ, ಆಜೀಚ್ಯಾ ಜವಳ್." ನಾನು ಹಳದಿಯನ್ನು ಕೆಳಗಿಳಿಸಿ ಅವಳ ಅಜ್ಜಿಯ ಇಳಕಲ್ಲಿನ ಪಕ್ಕಕ್ಕೆ ಇಡುವೆ. ಮರುದಿನ ಅವಳಿಗೆ ಅದು ಮೇಲೆ ಬೇಕು. ಒಂದು ಸಂಜೆ ಅವಳ ಹೆಗಲ ಹಿಂದಿನಿಂದ ನಮ್ಮ ಬೀಗತಿ, ಎಂದರೆ ಅವಳ ಅತ್ತೆ, ಇಣುಕಿ ನೋಡಿದರು. ನೋಡಿದರು, ಅಷ್ಟೆ.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಳಿಯನ ಫೋನ್ ಬಂತು. ಕೂಸು ಆಡುತ್ತಿಲ್ಲ ಎಂದು ಅಶ್ವಿನಿ ಹೇಳುತ್ತಿದ್ದಾಳೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದ. ನಾವು ಸಿಕ್ಕ ಬಾಡಿಗೆ ಕಾರು ಹತ್ತಿದೆವು. ಚಾಂದವಡದ ಬಳಿ ಈರುಳ್ಳಿ ಟ್ರಾಕ್ಟರುಗಳ ಸಾಲು ಬಿಡಲಿಲ್ಲ. ಆ ಸಾಲಿನಲ್ಲಿ ನಿಂತಿದ್ದಾಗಲೇ ಎರಡನೆಯ ಫೋನೂ ಬಂತು, ಕೂಸು ಉಳಿಯಲಿಲ್ಲ ಎಂದು.

ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಕೂಸನ್ನು ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿದ್ದರು. ಬಟ್ಟೆ ಗಡುಸಾಗಿತ್ತು. ಅದರ ಅಂಚನ್ನು ಮಡಿಸಿ ಹೊಲಿದಿರಲಿಲ್ಲ, ಎಳೆಗಳು ಬಿಟ್ಟುಕೊಂಡಿದ್ದವು. ಒಂದು ಎಳೆ ಕೂಸಿನ ಗಲ್ಲದ ಮೇಲೆ ಬಿದ್ದಿತ್ತು. ನಾನು ಅದನ್ನು ತೆಗೆದೆ. ಹೆಣ್ಣು ಕೂಸು. ಹೊಕ್ಕುಳಬಳ್ಳಿಗೆ ಗಂಟು ಬಿದ್ದಿತ್ತು, ಹೀಗೆ ಆಗುವುದುಂಟು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಎಲ್ಲರ ಮುಖ ನೋಡಿ ಸ್ಪಷ್ಟವಾಗಿ ಹೇಳಿದರು. ಅವರು ಹೋದ ಮೇಲೆ ಬೀಗತಿ ಬೆಂಚಿನ ಮೇಲೆ ಕುಳಿತು, ಯಾರಿಗೂ ಅಲ್ಲವೆಂಬಂತೆ ಅಂದರು:

"ಭಿಂತೀವರ್ ಸಜವೂನ್ ಠೇವಲಂ ಹೋತಂ ನಾ."

ಗೋಡೆಯ ಮೇಲೆ ಅಲಂಕರಿಸಿ ಇಟ್ಟಿದ್ದರಲ್ಲ. ಅಷ್ಟೇ ಮಾತು. ಅವರು ಕೆಟ್ಟವರಲ್ಲ, ಅಶ್ವಿನಿ ನೀರು ಸಹ ಒಲ್ಲೆನೆಂದಾಗ ಚಮಚದಿಂದ ಕುಡಿಸಿದವರು ಅವರೇ. ಆದರೂ ಆ ಮಾತು ಕಾರಿನಲ್ಲಿ ನಮ್ಮ ಜೊತೆಗೆ ನಾಶಿಕದವರೆಗೆ ಬಂತು. ಕಿಟಕಿಯ ಹೊರಗೆ ನೋಡುತ್ತಲೇ ಶಕುಂತಲೆ ಅಂದಳು, "ನಾ ಬ್ಯಾಡ ಅಂದಿದ್ನಿ." ನಾನು ತಕ್ಷಣ ಉತ್ತರಿಸಿದೆ: "ಸೂಜಿ ಮುಟ್ಟಿಲ್ಲಲ್ಲ."

ಈ ಉತ್ತರವನ್ನು ಅನಂತರ ಅದೆಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದೆನೋ. ಗೋಡೆಯ ಮೇಲಿನ ಬಟ್ಟೆಗೂ ಹೊಟ್ಟೆಯೊಳಗಿನ ಗಂಟಿಗೂ ಏನು ಸಂಬಂಧ ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ನಿಯಮ ಮುರಿದಿಲ್ಲ ಎಂದು ವಾದಿಸಿದೆ. ವಾದಿಸಿದ ಆ ಗಳಿಗೆಯಲ್ಲೇ ನಿಯಮವನ್ನೂ, ನ್ಯಾಯಾಧೀಶರನ್ನೂ, ಕಟಕಟೆಯನ್ನೂ ಒಪ್ಪಿಕೊಂಡೆ. ಓದಿದವರೆನಿಸಿಕೊಂಡ ನಮ್ಮಂಥವರ ವಿಚಾರಶಕ್ತಿ ಬಹಳ ಮಾಡಿ ಇಷ್ಟೇ: ಮೂಢನಂಬಿಕೆಯನ್ನು ನಾವು ಬಿಡುವುದಿಲ್ಲ, ಅದರಲ್ಲೊಂದು ಸಂದು ಹುಡುಕುತ್ತೇವೆ. ಸಂದಿನಲ್ಲಿ ಸಿಕ್ಕಿಕೊಂಡ ದಿನ ನಮ್ಮ ಬಳಿ ಎದುರುತ್ತರವೂ ಇರುವುದಿಲ್ಲ. ಇಷ್ಟಾಗಿ, ಸಮಾಧಾನ ಹೇಳಲು ಬಂದ ನೆರೆಯವರೆಲ್ಲ ಆ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಂತೇ ಹೋದರು. ಅದರ ಬಾಗಿಲು ಹಾಕಿಟ್ಟೆವು. ತುಂಡುಗಳನ್ನು ತೆಗೆಯುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ವಿಶ್ರಾಂತಿಗೆಂದು ಅಶ್ವಿನಿ ತವರಿಗೆ ಬಂದಳು. ಬಾಣಂತಿಗೆ ಮಾಡುವುದನ್ನೆಲ್ಲ ಶಕುಂತಲೆ ಮಾಡಿದಳು, ಎಣ್ಣೆ, ಬಿಸಿನೀರು, ಅಳವಿ ಬೀಜದ ಪಾಯಸ; ತೊಟ್ಟಿಲೊಂದನ್ನು ಬಿಟ್ಟು. ಒಂದು ಮಧ್ಯಾಹ್ನ ನೋಡಿದರೆ ಆ ಕೋಣೆಯ ಬಾಗಿಲು ತೆರೆದಿತ್ತು. ಮಗಳು ಗೋಡೆಗೆ ಎದುರಾಗಿ ಕುರ್ಚಿಯಲ್ಲಿ ಕುಳಿತಿದ್ದಳು. ಕುಪ್ಪಸ ಬೆವರಿನಿಂದ ತೋಯ್ದಿತ್ತು.

"ಅಪ್ಪಾ, ಫ್ಯಾನ್ ಲಾವ್ ನಾ."

"ಬಟ್ಟಿ ಬೀಳತಾವ, ಪುಟ್ಟೀ."

"ಪಡೂ ದೇ." ಬೀಳಲಿ.

ನಾನು ಅಲ್ಲಾಡಲಿಲ್ಲ. ಅವಳೇ ಎದ್ದು ಕೆಂಪು ಟೇಪು ಕಿತ್ತು ಫ್ಯಾನ್ ಹಾಕಿದಳು. ರೆಗ್ಯುಲೇಟರನ್ನು ಕೊನೆಯವರೆಗೂ ತಿರುಗಿಸಿದಳು. ತುಂಡುಗಳ ಅಂಚುಗಳೆಲ್ಲ ಒಟ್ಟಿಗೆ ನಡುಗಿದವು. ಅಂಗಿಯ ನೀಲಿ ಗೆರೆಯದೊಂದು ಬಿತ್ತು. ಫ್ರಾಕಿನದೊಂದು ಬಿತ್ತು. ಉಳಿದವು ಕಚ್ಚಿಕೊಂಡು ನಿಂತವು. ನಾವು ಕಾದೆವು. ಬೀಳಲಿಲ್ಲ.

"ಕಿತೀ ಪಕ್ಕಂ ಕೇಲಂಸ್ ರೇ ಅಪ್ಪಾ," ಎಂದಳು. ಎಷ್ಟು ಗಟ್ಟಿ ಮಾಡಿದ್ದೀಯಪ್ಪಾ. ನನ್ನ ಕೆಲಸಕ್ಕೆ ಜೀವಮಾನದಲ್ಲಿ ಸಿಕ್ಕ ಹೊಗಳಿಕೆಗಳಲ್ಲಿ ಇದೊಂದು ಸಿಗಬಾರದಿತ್ತು.

ಕೊನೆಗೆ ಅವಳು ಕೈಯಿಂದಲೇ ಒಂದೊಂದಾಗಿ ಬಿಡಿಸಿದಳು. ಬಾಗಿಲಲ್ಲಿ ನಿಂತಿದ್ದ ಶಕುಂತಲೆ ಸೆರಗು ಒಡ್ಡಿ ಇಸಿದುಕೊಂಡಳು. ಕಡೆಯ ಹಳದಿ ತುಂಡನ್ನು ಹಾಕುವಾಗ, ನಮ್ಮ ಮಗಳು ಅಪರೂಪಕ್ಕೆ ಕನ್ನಡದಲ್ಲಿ ಅಂದಳು, "ಹೊಲಿ ಅವ್ವಾ. ನನಗ."

"ನಿನಗ ಸಣ್ಣದಾಗತೈತಿ. ಮೊಣಕಾಲೂ ಮುಚ್ಚೂದಿಲ್ಲ."

"ಆಗಲಿ."

ಇಬ್ಬರೂ ಹೊರಗೆ ಹೋದರು. ಫ್ಯಾನ್ ಆರಿಸಿ ನಾನು ಗೋಡೆಯನ್ನು ನೋಡಿದೆ. ಇದ್ದ ಗುರುತೂ ಉಳಿಯುವುದಿಲ್ಲ ಎಂದು ಆರಂಭದಲ್ಲಿ ಬರೆದಿದ್ದೇನೆ; ತಿದ್ದಿಕೊಳ್ಳಬೇಕು. ಬೇಸಿಗೆಯ ಧೂಳು ಕೂತು ಫ್ಲಾನೆಲ್ ಕಂದಾಗಿತ್ತು. ತುಂಡುಗಳು ಇದ್ದಲ್ಲಿ ಮಾತ್ರ ಧೂಳು ಕೂತಿರಲಿಲ್ಲ. ಚೌಕದ ಪಕ್ಕ ಚೌಕ, ಒಂದು ಕೂಸಿನ ಅಳತೆಗೆ ಸರಿಯಾಗಿ, ಇಡೀ ಕೌದಿ ಅಚ್ಚ ಬಿಳುಪಾಗಿ ಗೋಡೆಯ ಮೇಲೆಯೇ ಇತ್ತು.