ಅಪ್ಪನಿಗೆ ಜಾಮೀನು ನಿಂತ ಮಗಳು

ಊರಾಚೆಯ ಲೇಔಟಿನ ಮನೆ ಬಿಟ್ಟು ನಾಗಮಂಗಲದ ಪೇಟೆ ಬೀದಿಗೆ ಬಾಡಿಗೆಗೆ ಬಂದಾಗ ನನ್ನ ಅಕ್ಕ, "ಆ ಗದ್ದಲದಲ್ಲಿ ಮಗು ಕಳೆದುಹೋಗ್ತಾಳೆ, ನೋಡ್ತಿರು" ಅಂದಿದ್ದಳು. ಲೇಔಟಿನಲ್ಲಿ ಒಂದು ಪೆನ್ಸಿಲ್ ಬೇಕೆಂದರೂ ಬೈಕ್ ತೆಗೆಯಬೇಕಿತ್ತು. ಇಲ್ಲಿ ಮಗಳು ಜಾನು ಸ್ಕೂಲಿಗೂ ನಡೆದೇ ಹೋಗುತ್ತಾಳೆ. ನಾನು ಔಷಧಿ ಮಾರುತ್ತಾ ವಾರವಿಡೀ ಊರೂರು ಸುತ್ತುವವನು.

ಒಂದು ಸಂಜೆ ಬೇಗ ಬಂದವನು, ಸ್ಕೂಲಿನಿಂದ ಬರುತ್ತಿದ್ದ ಜಾನುವನ್ನು ಬೀದಿಯಲ್ಲೇ ಬೈಕಿಗೆ ಹತ್ತಿಸಿಕೊಂಡೆ. ಹೂ ಮಾರುವ ಅಜ್ಜಿ ದಡಕ್ಕನೆ ಎದ್ದು ಬಂದು ಹ್ಯಾಂಡಲ್ ಹಿಡಿದಳು.

"ಯಾರಪ್ಪ ನೀನು? ಮಗೀನ ಎಲ್ಲಿಗ್ ಕರ್ಕೊಂಡೋಯ್ತಾ ಇದ್ದೀಯ?"

"ನನ್ನ ಮಗಳಮ್ಮ."

"ಅಂಗೆ ಯಾರ್ ಬೇಕಾದ್ರೂ ಅಂತಾರೆ. ಇಳ್ಸು ಮೊದ್ಲು."

ಎದುರಿನ ಟೈಲರು ಕತ್ತರಿ ಹಿಡಿದೇ ಹೊರಬಂದ. ಹೆಲ್ಮೆಟ್ ತೆಗೆದು ಮುಖ ತೋರಿಸಿದೆ. ಇಬ್ಬರಿಗೂ ಗುರುತು ಸಿಗಲಿಲ್ಲ. ಕೊನೆಗೆ ಜಾನುವೇ, "ನಮ್ಮಪ್ಪನೇ ಕಣಜ್ಜಿ, ಬುಡು" ಅಂದಳು.

"ಅಂಗಾದ್ರೆ ಆಗಾಗ ಬೀದೀಲಿ ಓಡಾಡಪ್ಪ," ಎಂದು ಅಜ್ಜಿ ನನ್ನನ್ನೇ ಗದರಿ ಹ್ಯಾಂಡಲ್ ಬಿಟ್ಟಳು.

ಲೇಔಟಿನ ಗೇಟಿನ ಕಾವಲುಗಾರ ನನ್ನ ಬೈಕಿಗೆ ಸೆಲ್ಯೂಟ್ ಹೊಡೆಯುತ್ತಿದ್ದ. ಹಿಂದೆ ಕೂತವರು ಯಾರೆಂದು ಒಮ್ಮೆಯೂ ನೋಡಿರಲಿಲ್ಲ.

ಮನೆಗೆ ಬಂದವನೇ ಅಕ್ಕನಿಗೆ ಫೋನು ಹಚ್ಚಿದೆ. "ಈ ಗದ್ದಲದಲ್ಲಿ ಕಳೆದುಹೋಗಿದ್ದವನು ನಾನು ಕಣೆ. ಮಗಳು ಗುರುತು ಹೇಳಿ ಬಿಡಿಸಿಕೊಂಡು ಬಂದಳು."